ಸಂಜಯನ ಎಡೆಗೆ ನೂಡಲ್ಸ್

ಹೊಳನಗದ್ದೆ,
೩ ನವೆಂಬರ್ ೨೦೨೪, ಆದಿತ್ಯವಾರ

ಸಂಜಯನ ಅಪ್ಪನವರಿಗೆ,

ರೋಹಿಣಿಯ ನಮಸ್ಕಾರ. ಮೊದಲು ಕ್ಷೇಮ ಹೇಳಿ, ಕ್ಷೇಮ ಕೇಳಿ, ಆಮೇಲೆ ವಿಷಯಕ್ಕೆ ಬರುವ ಕ್ರಮ ನನಗೂ ಗೊತ್ತಿದೆ. ಆದರೆ ಈ ಮನೆಯಲ್ಲಿ ಕುಳಿತು ಆ ಶಬ್ದ ಬರೆಯಲಿಕ್ಕೆ ಕೈ ಏಳುವುದಿಲ್ಲ. ಹಾಗಾಗಿ ನೇರವಾಗಿ ಕೇಳುತ್ತೇನೆ. ನೂಡಲ್ಸ್ ಮಾಡುವುದು ಹೇಗೆ? ನಿಮ್ಮ ಗಾಡಿಯಲ್ಲಿ ಆಗುತ್ತಿತ್ತಲ್ಲ, ಪಾರ್ಸೆಲ್ ಕಟ್ಟಿ ಕೊಡುತ್ತಿದ್ದಿರಲ್ಲ, ಅದು.

ನಗಬೇಡಿ. ನಗುವವರಲ್ಲ ನೀವು ಈಗ, ಅದೂ ಗೊತ್ತು. ನಿಮ್ಮ ಫೋನಿಗೆ ನಾಲ್ಕು ಸಲ ಮಾಡಿದೆ. ಈ ನಂಬರು ಬಳಕೆಯಲ್ಲಿ ಇಲ್ಲ ಎಂದು ಒಬ್ಬ ಹೆಂಗಸು ನಾಲ್ಕು ಸಲವೂ ಒಂದೇ ದನಿಯಲ್ಲಿ ಹೇಳಿದಳು. ಕೊನೆಗೆ ಕಂಡಕ್ಟರ್ ಶಾಂತಾರಾಮಣ್ಣನನ್ನು ಕೇಳಿದೆ. ಅವನಿಗೆ ಈಗ ಭಟ್ಕಳದ ಬಸ್ಸಿನ ಡ್ಯೂಟಿ. ಬರೆದು ಕೊಡು ತಂಗಿ, ಮುರ್ಡೇಶ್ವರದಲ್ಲಿ ಇಳಿದು ಅವರ ಕೈಗೇ ಕೊಡುತ್ತೇನೆ ಎಂದ. ಐದು ವರ್ಷ ಬೇರೆ ಇದ್ದರೂ ನಿಮಗೊಂದು ಕಾಗದ ಬರೆದವಳಲ್ಲ ನಾನು. ಮದುವೆಗೆ ಮುಂಚೆಯೂ ಬರೆದಿರಲಿಲ್ಲ. ಇದೇ ಮೊದಲು, ಅಕ್ಷರ ಹೇಗಿದ್ದರೂ ಓದಿಕೊಳ್ಳಿ.

ಸಂಜಯ ಹೋಗಿ ವರ್ಷ ಆಗುತ್ತಾ ಬಂತು. ತಾರೀಕಿಗೆ ಇಪ್ಪತ್ತಕ್ಕೆ, ತಿಥಿ ಹಿಡಿದರೆ ಬರುವ ಶನಿವಾರಕ್ಕೆ. ಶನಿವಾರ ಅವನಿಗೆ ವರ್ಷದ ಎಡೆ ಇಡಬೇಕು. ನಮ್ಮ ಕಡೆಯ ಕ್ರಮ ನಿಮಗೆ ನಾನು ಹೇಳಬೇಕಾಗಿಲ್ಲ. ಹೋದವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಬಾಳೆ ಎಲೆಯಲ್ಲಿ ಬಡಿಸಬೇಕು. ಅಂಗಡಿಯಿಂದ ತಂದದ್ದು ಆಗುವುದಿಲ್ಲ, ಮನೆಯವರೇ ಮನೆಯ ಒಲೆಯಲ್ಲಿ ಮಾಡಬೇಕು. ಮಾಡುವಾಗ ಬಾಯಿಗೆ ಹಾಕಿ ಉಪ್ಪು ನೋಡಬಾರದು. ಹೋದವರು ಉಣ್ಣುವ ಮೊದಲು ನಾವು ಉಂಡ ಹಾಗೆ ಆಗುತ್ತದಲ್ಲ.

ಹನ್ನೆರಡನೆಯ ದಿನದ ಎಡೆಗೆ ನೀವು ಇರಲಿಲ್ಲ. ಏಕೆ ಇರಲಿಲ್ಲ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಅವತ್ತು ಬಂಗಡೆ ಹುರಿದಿದ್ದೆ, ಕೋಳಿ ಸುಕ್ಕ ಮಾಡಿದ್ದೆ, ಕಡುಬು, ಪಾಯಸ, ಅವನು ಕುಡಿಯುವ ಆ ಕಪ್ಪು ಬಾಟಲಿಯ ಪಾನಕವನ್ನೂ ಒಂದು ಲೋಟ ಇಟ್ಟಿದ್ದೆವು. ಎಲೆ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆ ಬಂತು, ತೆಂಗಿನ ಗರಿಯ ಮೇಲೆ ಕುಳಿತು ನೋಡಿತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ನನ್ನ ತಮ್ಮ ವಿನೋದ ಕೈ ಮುಗಿದು, ನಿನ್ನ ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ, ಅಜ್ಜಿಯನ್ನೂ ನೋಡಿಕೊಳ್ಳುತ್ತೇನೆ ಎಂದು ಹೇಳಿದ. ಊಹೂಂ. ಎರಡು ಗಂಟೆಯವರೆಗೆ ಕಾದು, ಎಲೆಯನ್ನು ಹಾಗೇ ಎತ್ತಿ ಹೊಳೆಗೆ ಬಿಟ್ಟು ಬಂದೆವು. ನಿಮ್ಮ ಅಮ್ಮ ಜಗಲಿಯಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ, ಅವನಿಗೆ ಬೇಕಾದದ್ದು ಎಲೆಯ ಮೇಲೆ ಇರಲಿಲ್ಲ ಎಂದರು. ಬೇಕಾದದ್ದು ಯಾವುದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಹೆಸರು ಈ ಮನೆಯಲ್ಲಿ ಎತ್ತಬಾರದು ಎಂದು ನಾನೇ ಹೇಳಿದ್ದೆ, ಹಾಗಾಗಿ ಯಾರೂ ಎತ್ತಲಿಲ್ಲ.

ಈ ಸಲ ಅವನು ಉಣ್ಣಬೇಕು. ನನಗೆ ಬೇರೆ ಏನೂ ಬೇಡ.

ಅದಕ್ಕೇ ಹದಿನೈದು ದಿನದಿಂದ ಮಾಡಿ ನೋಡುತ್ತಿದ್ದೇನೆ. ಶಾಲೆಯಲ್ಲಿ ದಿನಾ ನೂರಾ ಹತ್ತು ಮಕ್ಕಳಿಗೆ ಬಿಸಿಯೂಟ ಮಾಡುವವಳು ನಾನು. ಸಾರಿಗೆ ಉಪ್ಪು ಹೆಚ್ಚಾಯಿತು, ಅನ್ನ ಅಡಿ ಹಿಡಿಯಿತು ಎಂದು ಒಬ್ಬ ಮಾಸ್ತರರೂ ಹೇಳಿದವರಿಲ್ಲ. ಒಂದು ಪ್ಲೇಟು ನೂಡಲ್ಸಿನ ಮುಂದೆ ನನ್ನ ಶಾಣ್ಯಾತನ ಎಲ್ಲ ಮುಗಿಯಿತು ನೋಡಿ. ಮೊದಲ ಸಲ ಕುಮಟೆ ಪೇಟೆಯಿಂದ ಪಾಕೀಟು ತಂದು, ಶ್ಯಾವಿಗೆ ಎಂದುಕೊಂಡೇ ಮಾಡಿದೆ. ಕೈ ತನ್ನಷ್ಟಕ್ಕೆ ತೆಂಗಿನೆಣ್ಣೆ ಹಾಕಿತು, ಸಾಸಿವೆ ಸಿಡಿಸಿತು, ಕರಿಬೇವು ಹಾಕಿತು. ಕಾಯಿ ತುರಿದು ಮೇಲೆ ಉದುರಿಸಿದ ಮೇಲೆಯೇ ನನಗೆ ಎಚ್ಚರ ಆದದ್ದು. ನಿಮ್ಮ ಅಮ್ಮ ಬಟ್ಟಲು ಹತ್ತಿರ ತಂದು ನೋಡಿ, "ಇದು ಎಂತ ಮಾಡಿದ್ಯೇ ರೋಹಿಣಿ? ಶ್ಯಾವಿಗೆಗೆ ಜ್ವರ ಬಂದಂಗೆ ಇತ್ತಲ್ಲೇ" ಎಂದರು. ಆದರೂ ತಿಂದರು. ಕಾಯಿ ಇದ್ದದ್ದು ಅವರಿಗೆ ಸೇರಿತು.

ಎರಡನೆಯ ಸಲ ಫೋನಿನಲ್ಲಿ ನೋಡಿಕೊಂಡು ಮಾಡಿದೆ. ಅದರಲ್ಲಿ ಒಬ್ಬಳು ಸೋಯಾ ಸಾಸು ಎರಡು ಚಮಚ ಎಂದಳು. ಅವಳ ಚಮಚ ಯಾವ ಗಾತ್ರದ್ದೋ, ನಾನು ಸಾರಿನ ಸೌಟಿನಲ್ಲಿ ಹಾಕಿದೆ. ಕಾಡಿಗೆ ಆಯಿತು. ಮೂರನೆಯ ಸಲ ಎಲ್ಲ ಅಳತೆಯಲ್ಲಿ ಹಾಕಿದರೂ ಕ್ಯಾಬೇಜು, ಈರುಳ್ಳಿ ಎಲ್ಲ ನೀರು ಬಿಟ್ಟು, ನೂಡಲ್ಸು ಅದರಲ್ಲಿ ಮಲಗಿತು. ಮೊಟ್ಟೆ ಹಾಕಿದ್ದು ಹಿಟ್ಟಿನ ಹಾಗೆ ಮೆತ್ತಿಕೊಂಡಿತು. ಬಾಯಿಗೆ ಹಾಕಬೇಕಾಗಿಯೇ ಇರಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು, ಅದಲ್ಲ ಇದು. ಗಾಡಿಯದ್ದು ಎಳೆ ಎಳೆಯಾಗಿ ಬಿಡಿ ಇರುತ್ತದೆ. ಕ್ಯಾಬೇಜು ಹಸಿಯೂ ಅಲ್ಲ, ಬೆಂದದ್ದೂ ಅಲ್ಲ. ಒಂದು ಸುಟ್ಟ ವಾಸನೆ ಇರುತ್ತದೆ, ಸುಟ್ಟದ್ದು ಎಲ್ಲೂ ಕಾಣುವುದಿಲ್ಲ.

ಆ ವಾಸನೆ ಬೆಂಕಿಯದ್ದು ಎಂದು ಆಮೇಲೆ ಹೊಳೆಯಿತು. ನಿಮ್ಮ ಗಾಡಿಯ ಒಲೆ ವಿಮಾನದ ಹಾಗೆ ಬುಸುಗುಡುತ್ತದೆ ಎಂದು ಸಂಜಯ ಒಮ್ಮೆ ಹೇಳಿದ್ದ. ನಮ್ಮ ಗ್ಯಾಸಿನ ಒಲೆಯಲ್ಲಿ ಅಷ್ಟು ಉರಿ ಎಲ್ಲಿಂದ ಬರಬೇಕು? ಬಚ್ಚಲ ಒಲೆಗೆ ಒಣಗಿದ ತೆಂಗಿನ ಮಡಲು ತುರುಕಿ ಉರಿ ಎಬ್ಬಿಸಿದೆ. ಬಾಣಲೆ ಇಡುವಷ್ಟರಲ್ಲಿ ನಿಮ್ಮ ಅಮ್ಮ ಬಂದು, ಮೀಯುವ ನೀರು ಕಾಯಿಸುವ ಒಲೆಯಲ್ಲಿ ಎಡೆಯ ಅಡುಗೆ ಮಾಡುವುದು ಯಾವ ಊರಿನ ಕ್ರಮ ಎಂದು ಕೇಳಿದರು. ಅವರು ಹೇಳಿದ್ದು ಸರಿ. ಅಂಗಳದಲ್ಲಿ ಮೂರು ಕಲ್ಲು ಇಟ್ಟು ಹೊಸ ಒಲೆ ಹೂಡಿದೆ. ತೆಂಗಿನ ಕರಟ, ಮಡಲು ಹಾಕಿದರೆ ಉರಿ ಸೊಂಟದವರೆಗೆ ಬರುತ್ತದೆ. ಇವತ್ತು ಬೆಳಿಗ್ಗೆ ಅದರ ಮೇಲೆ ಮಾಡಿದೆ. ನೂಡಲ್ಸನ್ನು ಮುಕ್ಕಾಲು ಬೇಯಿಸಿ, ಬಸಿದು, ಎಣ್ಣೆ ಸವರಿ ಮೊರದ ಮೇಲೆ ಹರಡಿ ಆರಿಸಿದ್ದೆ. ಬಾಣಲೆ ಹೊಗೆಯಾಡುವವರೆಗೆ ಕಾದು, ಒಂದೇ ಒಂದು ಪ್ಲೇಟಿನಷ್ಟು ಹಾಕಿದೆ. ಅದೇ ನನಗೆ ಕಷ್ಟ ಆದದ್ದು. ಒಬ್ಬನಿಗೆ ಅಡುಗೆ ಮಾಡುವ ಅಳತೆ ನನ್ನ ಕೈಗೆ ತಪ್ಪಿಹೋಗಿದೆ.

ನೋಡಲಿಕ್ಕೆ ಹತ್ತಿರ ಹತ್ತಿರ ಬಂತು. ಎಳೆ ಬಿಡಿಯಾಗಿತ್ತು. ಇವತ್ತು ಎಡೆ ಅಲ್ಲವಲ್ಲ ಎಂದು ಬಾಯಿಗೂ ಹಾಕಿದೆ. ಉಪ್ಪು ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಇದು ಇವತ್ತಿನ ಕಥೆ ಅಲ್ಲ. ಈ ಒಂದು ವರ್ಷ ನನ್ನ ನಾಲಿಗೆ ಹೀಗೇ ಇದೆ. ಶಾಲೆಯಲ್ಲಿ ಉಪ್ಪು ನೋಡುವುದು ಜೊತೆಯವಳು, ನಾನು ಬರಿ ಅಂದಾಜಿನಲ್ಲಿ ಹಾಕುವುದು. ಉಳಿದ ಕೆಲಸ ಎಲ್ಲ ಆಗುತ್ತದೆ. ಬೆಳಿಗ್ಗೆ ಏಳುತ್ತೇನೆ, ನೀರು ಸೇದುತ್ತೇನೆ, ನಿಮ್ಮ ಅಮ್ಮನ ಗುಳಿಗೆ ಕೊಡುತ್ತೇನೆ, ಶಾಲೆಗೆ ಹೋಗಿ ಬರುತ್ತೇನೆ. ಮಕ್ಕಳು ಊಟಕ್ಕೆ ಸಾಲಾಗಿ ಕುಳಿತಾಗ ಬಡಿಸುತ್ತೇನೆ, ನಗುತ್ತೇನೆ ಕೂಡ. ಅಳು ಬರುವುದಿಲ್ಲ. ಮೊದಮೊದಲು ಹೆಂಗಸರು ಬಂದು, ಅತ್ತುಬಿಡು ರೋಹಿಣಿ, ಹಗುರ ಆಗುತ್ತದೆ ಎನ್ನುತ್ತಿದ್ದರು. ಈಗ ಅವರೂ ಬಿಟ್ಟರು. ದೀಪಾವಳಿ ಹೋಯಿತು, ನಾವು ಹಬ್ಬ ಮಾಡಲಿಲ್ಲ, ಹಬ್ಬ ಇಲ್ಲ ಎಂದು ಬೇಸರವೂ ಆಗಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಹಾಗೆ ಇದ್ದೇನೆ.

ನಿಮ್ಮ ವಿಷಯ ಶಾಂತಾರಾಮಣ್ಣ ಹೇಳಿದ. ಗಾಡಿಗೆ ತಾಡಪಾಲು ಮುಚ್ಚಿ ಲಾಡ್ಜಿನ ಹಿಂದೆ ನಿಲ್ಲಿಸಿದ್ದೀರಂತೆ. ಚಕ್ರಕ್ಕೆ ಬಳ್ಳಿ ಹಬ್ಬಿದೆಯಂತೆ. ನೀವು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತೀರಂತೆ. ಕುಡಿತ ಬಿಟ್ಟು ಮೂರು ವರ್ಷ ಆಗಿದೆ ಎಂದೂ, ಹುಡುಗ ಹೋದ ಮೇಲೂ ಅದನ್ನು ಮುಟ್ಟಲಿಲ್ಲ ಎಂದೂ ಹೇಳಿದ. ನಾನು ಹೌದಾ ಎಂದೆ. ಮತ್ತೊಂದು ಮಾತು ಹೇಳಿದ. ಮಂಟಪದ ಅಡುಗೆಯವರು ಒಮ್ಮೆ ನೂಡಲ್ಸ್ ಮಾಡಿ ಕೊಡಿ ಎಂದು ಕೇಳಿದ್ದಕ್ಕೆ ನೀವು ಕೈ ನೀರಿನಿಂದ ತೆಗೆಯದೆ, "ಅದನ್ನ ತಿನ್ನೂಕೆ ಬಂದೇ ನನ್ನ ಮಗ ಸತ್ತದ್ದು" ಎಂದಿರಂತೆ.

ಈ ಮಾತು ನಾನು ಕೇಳಿ ಇವತ್ತಿಗೆ ಇಪ್ಪತ್ತು ದಿನ. ಅದು ನನ್ನ ಮಾತು. ನಾನೇ ನಿಮ್ಮ ಬಾಯಿಗೆ ಇಟ್ಟದ್ದು.

ನೆನಪಿದೆಯಲ್ಲ ನಿಮಗೆ. ಹುಡುಗನನ್ನು ಆಸ್ಪತ್ರೆಯಿಂದ ತಂದು ಅಂಗಳದಲ್ಲಿ ಮಲಗಿಸಿದ್ದರು. ನೀವು ಬೇಲಿಯ ದಣಪೆ ದಾಟಿ ಒಳಗೆ ಬರುತ್ತಿದ್ದಿರಿ, ಕಾಲಿಗೆ ಚಪ್ಪಲಿ ಇರಲಿಲ್ಲ. ನಾನು ಎದ್ದು ನಿಂತು ಊರವರೆಲ್ಲರ ಎದುರು, "ನಿಮ್ಮ ನೂಡಲ್ಸ್ ತಿನ್ನೂಕೆ ಹೋಗಿ ಸತ್ತ ನನ್ನ ಮಗ, ಇನ್ನು ಒಳಗೆ ಬರಬೇಡಿ" ಎಂದೆ. ವಿನೋದ ಬಂದು ನಿಮ್ಮ ತೋಳು ಹಿಡಿದ. ಹಿಡಿಯಬೇಕಾಗಿಯೇ ಇರಲಿಲ್ಲ, ನೀವಾಗೇ ತಿರುಗಿದಿರಿ. ಅಪ್ಪ ಇಡಬೇಕಾದ ಬೆಂಕಿಯನ್ನು ಸೋದರಮಾವ ಇಟ್ಟ. ಆಮೇಲೆ ಊರಿನಲ್ಲಿ ಅದೇ ಮಾತಾಯಿತು. ಅಪ್ಪನ ಗಾಡಿಯ ನೂಡಲ್ಸಿನ ಆಸೆಗೆ ಹೋಗಿ, ತಿರುಗಿ ಬರುವಾಗ, ಶರಾವತಿ ಸೇತುವೆಗೆ ಇನ್ನು ಎರಡು ಕಿಲೋಮೀಟರ್ ಇರುವಾಗ ಲಾರಿ ಬಂದು ಹೊಡೆಯಿತು ಎಂದು. ನಾನು ಅದನ್ನು ಅಲ್ಲ ಎನ್ನಲಿಲ್ಲ. ಹೇಳುವವರು ಹೇಳಿದಷ್ಟು ನನಗೆ ಅನುಕೂಲವೇ ಆಯಿತು.

ಈಗ ಬರೆಯುವುದನ್ನು ನಿಧಾನ ಓದಿ. ಅವನು ಅವತ್ತು ನೂಡಲ್ಸಿಗಾಗಿ ಬರಲಿಲ್ಲ. ನಾನು ಕಳಿಸಿದ್ದೆ.

ಡೈವೋರ್ಸಿನ ಕಾಗದ ವಕೀಲರಿಂದ ಆವತ್ತಿಗೆ ಎರಡು ದಿನ ಮುಂಚೆ ಬಂದಿತ್ತು. ಇಬ್ಬರ ಒಪ್ಪಿಗೆಯ ಅರ್ಜಿ. ನಾನು ಸಹಿ ಹಾಕಿದ್ದೆ, ನಿಮ್ಮದು ಆಗಬೇಕಿತ್ತು. ನಾನೇ ತರಬಹುದಿತ್ತು, ನಿಮ್ಮ ಮುಖ ನೋಡುವುದು ಬೇಡ ಎಂದಿತ್ತು. ಲಕೋಟೆಗೆ ಹಾಕಿ, ಅಂಟಿಸಿ, ಕಾಲೇಜಿನಿಂದ ಬಂದವನ ಕೈಗೆ ಕೊಟ್ಟು ಅಪ್ಪನ ಸಹಿ ಹಾಕಿಸಿಕೊಂಡು ಬಾ ಎಂದೆ. ಅವನಿಗೆ ಒಳಗೆ ಏನಿದೆ ಎಂದು ಗೊತ್ತಿತ್ತು. "ಪೋಸ್ಟಿಗೆ ಹಾಕಿದ್ರೆ ಆಗ್ತಿಲ್ವಾ ಅಮ್ಮ" ಎಂದ. ನನಗೆ ಸಿಟ್ಟು ಬಂತು. ಅವನು ನನಗೆ ಹೇಳದೆ ನಿಮ್ಮಲ್ಲಿಗೆ ಬಂದು ಹೋಗುತ್ತಿದ್ದ ಎಂದು ಒಂದು ತಿಂಗಳ ಹಿಂದಷ್ಟೇ ತಿಳಿದಿತ್ತು, ಅದೂ ಒಳಗೆ ಇತ್ತು. "ಅಪ್ಪ ಅಷ್ಟು ಬೇಕಾದ್ರೆ ನೀನೂ ಅಲ್ಲೇ ಹೋಗಿ ಇರು" ಎಂದೆ. ಅವನು "ಆತು, ಕೊಡು" ಎಂದು ಲಕೋಟೆ ತೆಗೆದುಕೊಂಡು ಬೈಕ್ ಹತ್ತಿದ. ಹೆಲ್ಮೆಟ್ ಹಾಕಿಕೋ ಎಂದು ದಿನಾ ಹೇಳುವವಳು ಅವತ್ತು ಹೇಳಲಿಲ್ಲ. ಹಾಕಿಕೊಂಡೇ ಹೋಗಿದ್ದ, ಉಪಯೋಗ ಆಗಲಿಲ್ಲ.

ಅವನು ಆ ಲಕೋಟೆಯನ್ನು ನಿಮಗೆ ತೋರಿಸಲಿಲ್ಲ. ತೋರಿಸಿದ್ದರೆ ನಿಮಗೆ ಅವತ್ತೇ ತಿಳಿಯುತ್ತಿತ್ತು, ನಾನು ಅಂಗಳದಲ್ಲಿ ನಿಂತು ಹಾಗೆ ಹೇಳಿದಾಗ ನೀವು ತಿರುಗಿ ಹೋಗುತ್ತಿರಲಿಲ್ಲ. ಪೊಲೀಸರು ಕೊಟ್ಟ ಚೀಲದಲ್ಲಿ ಅದು ನಾನು ಅಂಟಿಸಿದ ಹಾಗೇ ಇತ್ತು. ನಿಮ್ಮ ಹತ್ತಿರ ಬಂದು, ಕುಳಿತು, ಮಾತಾಡಿ, ಅದನ್ನು ಹೊರಗೆ ತೆಗೆಯದೆ ಹೊರಟಿದ್ದಾನೆ. ಮನೆಗೆ ಬಂದು ನನ್ನ ಹತ್ತಿರ ಏನು ಹೇಳಬೇಕು ಎಂದುಕೊಂಡಿದ್ದನೋ ನನಗೆ ಗೊತ್ತಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿನ್ನೆ ನಿಮ್ಮ ಅಮ್ಮನಿಗೆ ಹೇಳಿದೆ. ನೀವು ಕುಡಿದು ಬಂದು ಅವರ ಮೇಲೆ ಕೈ ಎತ್ತಿದ ದಿನ ಮಗನನ್ನು ಹೊರಗೆ ಕಳಿಸಿ ಸೊಸೆಯ ಜೊತೆ ಉಳಿದವರು ಅವರು. ನನಗೆ ಬೈಯಬಹುದಿತ್ತು. ಬೈಯಲಿಲ್ಲ. ತುಂಬ ಹೊತ್ತು ಎಲೆ ಅಡಿಕೆ ಕುಟ್ಟುತ್ತಾ ಕುಳಿತು, "ಅವನಿಗೆ ಬರೀ, ಕರೀ" ಎಂದಷ್ಟೇ ಹೇಳಿ ಒಳಗೆ ಹೋದರು. ವಿನೋದನಿಗೂ ಇವತ್ತು ಬೆಳಿಗ್ಗೆ ಹೇಳಿದೆ. ಅವನು ತಲೆ ತಗ್ಗಿಸಿ ಕುಳಿತವನು, ಚಹಾ ಕುಡಿಯದೆ ಎದ್ದು ಹೋದ. ಶನಿವಾರ ಬರುತ್ತಾನೋ ಇಲ್ಲವೋ. ಬಂದರೆ ನಿಮ್ಮನ್ನು ತಡೆಯಲಾರ.

ಹಾಗಾಗಿ ಕೇಳುತ್ತೇನೆ. ಮೊದಲಿನ ಸಾಲಿನಲ್ಲಿ ಹೇಗೆ ಮಾಡುವುದು ಎಂದು ಬರೆದು ಕಳಿಸಿ ಎಂದುಕೊಂಡೇ ಶುರು ಮಾಡಿದ್ದೆ, ಅದು ಬೇಡ. ನೀವೇ ಬನ್ನಿ. ಉಪ್ಪು ನೋಡದೆ ಮಾಡಬೇಕಾದ ಅಡುಗೆ ಇದು, ನಾನು ನೋಡಿದರೂ ನನಗೆ ತಿಳಿಯುವುದಿಲ್ಲ. ಕಣ್ಣು ಮುಚ್ಚಿ ಹಾಕಿದರೂ ಸರಿ ಬೀಳುವ ಕೈ ನಿಮ್ಮದು. ಶುಕ್ರವಾರ ಸಂಜೆಯ ಬಸ್ಸಿಗೆ ಬಂದುಬಿಡಿ, ಶಾಂತಾರಾಮಣ್ಣನ ಬಸ್ಸೇ ಅದು. ಬಾಣಲೆ ಬೇಕಾದರೆ ನಿಮ್ಮದೇ ತನ್ನಿ, ನಮ್ಮದು ಆಳ ಹೆಚ್ಚು. ಮೂರು ಕಲ್ಲು ಅಂಗಳದಲ್ಲೇ ಇದೆ, ಕರಟ ಎರಡು ಗೋಣಿ ಕೂಡಿಸಿದ್ದೇನೆ. ಕ್ಯಾಬೇಜು ನಾನು ಹೆಚ್ಚಿಕೊಡುತ್ತೇನೆ, ಎಷ್ಟು ಸಣ್ಣಗೆ ಎಂದು ಹೇಳಿದರೆ ಸಾಕು. ನೀವು ಮಾಡಿ, ನೀವೇ ಬಡಿಸಿ, ನೀವೇ ಅವನ ಹೆಸರು ಕರೆಯಿರಿ. ಅವನ ಅಪ್ಪ ನೀವು.

ನಾನು ನಿಮ್ಮನ್ನು ಮತ್ತೆ ಸಂಸಾರಕ್ಕೆ ಕರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಅದೆಲ್ಲ ಯೋಚಿಸುವಷ್ಟು ಶಕ್ತಿ ನನ್ನಲ್ಲಿಲ್ಲ. ಕ್ಷಮಿಸಿ ಎಂದೂ ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಆಮೇಲೆ ನಾನು ಏನು ಮಾಡಲಿ. ಆದರೆ ಹುಡುಗ ಸತ್ತದ್ದು ನಿಮ್ಮಿಂದ ಅಲ್ಲ. ಗಾಡಿಯ ತಾಡಪಾಲು ತೆಗೆಯುವುದು ಬಿಡುವುದು ನಿಮ್ಮ ಇಷ್ಟ, ಆ ಕಾರಣಕ್ಕೆ ಮುಚ್ಚಿ ಇಡಬೇಡಿ. ಲಕೋಟೆಯನ್ನು ನಿನ್ನೆ ಅಂಗಳದ ಒಲೆಗೆ ಹಾಕಿದೆ.

ಬರಿ ಹೊಟ್ಟೆಯಲ್ಲಿ ಬಸ್ ಹತ್ತಬೇಡಿ, ಮಂಕಿ ಊರು ದಾಟುವಷ್ಟರಲ್ಲಿ ನಿಮಗೆ ತಲೆ ತಿರುಗುತ್ತದೆ.

ಇತಿ,
ಸಂಜಯನ ಅಮ್ಮ
ರೋಹಿಣಿ

ಮತ್ತೊಂದು: ಚೀಲದಲ್ಲಿ ಲಕೋಟೆಯ ಜೊತೆ ನೂಡಲ್ಸಿನ ಎರಡು ಪೊಟ್ಟಣ ಇತ್ತು. ಊರಿಗೆಲ್ಲ ಒಂದು ಎಂದು ಹೇಳಿದ್ದೆ. ಗಂಡಸರು ಅವನನ್ನು ಹೊತ್ತುಕೊಂಡು ಹೋದ ಮೇಲೆ, ಹೆಂಗಸರು ಅಂಗಳ ತೊಳೆಯುತ್ತಿದ್ದಾಗ, ನಾನು ಚೀಲ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಎರಡನ್ನೂ ಬಿಚ್ಚಿದೆ. ಒಂದರಲ್ಲಿ ಮೊಟ್ಟೆ ಇತ್ತು. ಅದನ್ನು ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಮುಚ್ಚಿದೆ. ಇನ್ನೊಂದರಲ್ಲಿ ಮೊಟ್ಟೆ ಇರಲಿಲ್ಲ. ಅದನ್ನು ನಾನು ತಿಂದೆ. ಮಗನಿಗೆ ಬೆಂಕಿ ಇಡುವ ಹೊತ್ತಿನಲ್ಲಿ, ನಿಂತುಕೊಂಡು, ಒಂದು ಎಳೆಯೂ ಬಿಡದೆ ತಿಂದೆ. ಉಪ್ಪು ಸರಿಯಾಗಿತ್ತು. ನಾನು ರುಚಿ ಕಂಡದ್ದು ಅದೇ ಕೊನೆ. ಅವನು ನಿಮ್ಮಲ್ಲಿಗೆ ಬಂದ ದಿನ ಸೋಮವಾರ. ಸೋಮವಾರ ನಾನು ಮೀನು ಮೊಟ್ಟೆ ಮುಟ್ಟುವುದಿಲ್ಲ ಎಂದು ಅವನು ಹೇಳಿ ಕಟ್ಟಿಸಿದ್ದಾ, ನಿಮಗೇ ನೆನಪಿತ್ತಾ? ಅಷ್ಟು ಹೇಳಲಿಕ್ಕಾದರೂ ಬನ್ನಿ.